ಮೈಸೂರಿನಲ್ಲಿ ಕಂಪನಿ, ಮ್ಯಾಂಚೆಸ್ಟರಿನಲ್ಲಿ ಉದ್ಯೋಗಿ: ಇಒಆರ್ ಮೂಲಕ ವಿದೇಶದಲ್ಲಿ ನೇಮಕ ಮಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಮೈಸೂರಿನಲ್ಲಿ ಮೂವತ್ತೈದು ಜನರ ಒಂದು ಸಾಫ್ಟ್‌ವೇರ್ ಕಂಪನಿ. ಗಿರಾಕಿಗಳಲ್ಲಿ ಅರ್ಧದಷ್ಟು ಬ್ರಿಟನ್ನಿನವರು. ಅವರ ಬೆಳಗಿನ ಒಂಬತ್ತು ಗಂಟೆ ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ ಒಂದೂವರೆ, ಚಳಿಗಾಲದಲ್ಲಿ ಎರಡೂವರೆ. ಅವರು ಸಂಜೆ ಐದಕ್ಕೆ ‘ಒಂದು ನಿಮಿಷ ಮಾತಾಡಬಹುದಾ’ ಎಂದು ಕರೆ ಮಾಡಿದರೆ ಇಲ್ಲಿ ಊಟ ಮುಗಿದು ಪಾತ್ರೆ ತೊಳೆಯುವ ಹೊತ್ತು. ಅಲ್ಲೇ ಒಬ್ಬರಿದ್ದರೆ ಚೆನ್ನಾಗಿತ್ತು ಎಂಬ ಮಾತು ಹೀಗೇ ಶುರುವಾಗುತ್ತದೆ. ಮ್ಯಾಂಚೆಸ್ಟರಿನಲ್ಲಿ ಓದಿ ಅಲ್ಲೇ ಉಳಿದ ದಾವಣಗೆರೆ ಕಡೆಯ ಹುಡುಗಿಯೊಬ್ಬಳು ಸಿಕ್ಕಿಯೂ ಬಿಡುತ್ತಾಳೆ. ಸಂದರ್ಶನ ಮುಗಿಯಿತು, ಎಲ್ಲರಿಗೂ ಒಪ್ಪಿಗೆ. ಆಮೇಲೆ ಯಾರೋ ಕೇಳುತ್ತಾರೆ: ‘ಅವಳಿಗೆ ಸಂಬಳ ಹೇಗೆ ಕೊಡೋದು?’

ಇಂಥದೊಂದು ಸಣ್ಣ ಕಂಪನಿಯಲ್ಲಿ ಲೆಕ್ಕಪತ್ರವನ್ನೂ ನೇಮಕಾತಿಯನ್ನೂ ಒಟ್ಟಿಗೆ ನೋಡಿಕೊಳ್ಳುವವನು ನಾನು. ಆ ಪ್ರಶ್ನೆಗೆ ನಾವು ಕಂಡುಕೊಂಡ ಉತ್ತರ ಎಂಪ್ಲಾಯರ್ ಆಫ್ ರೆಕಾರ್ಡ್, ಚಿಕ್ಕದಾಗಿ ಇಒಆರ್. ಬ್ರಿಟನ್ನನ್ನೇ ಉದಾಹರಣೆಯಾಗಿಟ್ಟುಕೊಂಡು ದಾರಿಯನ್ನು ಹಂತಹಂತವಾಗಿ ಹೇಳುತ್ತೇನೆ. ಬೇರೆ ದೇಶವಾದರೆ ಅಂಕಿಗಳು ಬದಲಾಗುತ್ತವೆ, ಕೇಳಬೇಕಾದ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಇಒಆರ್ ಅಂದರೆ ದಾಖಲೆಯಲ್ಲಿನ ಉದ್ಯೋಗದಾತ. ನೀವು ಆರಿಸಿದ ವ್ಯಕ್ತಿಯನ್ನು, ಆ ದೇಶದಲ್ಲಿ ನೋಂದಣಿಯಾಗಿರುವ ಇಒಆರ್‌ನವರ ಕಂಪನಿ ತನ್ನ ನೌಕರರನ್ನಾಗಿ ಸೇರಿಸಿಕೊಳ್ಳುತ್ತದೆ. ನೇಮಕಾತಿ ಪತ್ರ, ಸಂಬಳದ ಚೀಟಿ, ತೆರಿಗೆ ಕಡಿತ, ಪಿಂಚಣಿ, ವಿಮೆ ಎಲ್ಲ ಅವರ ಹೆಸರಿನಲ್ಲಿ. ಇಂದು ಏನು ಮಾಡಬೇಕು, ಯಾರ ಜೊತೆ ಮಾತಾಡಬೇಕು ಎಂದು ಹೇಳುವವರು ನೀವು. ತಿಂಗಳಿಗೊಮ್ಮೆ ಅವರು ಸಂಬಳ, ಅದರ ಮೇಲಿನ ಖರ್ಚು, ತಮ್ಮ ಶುಲ್ಕ ಕೂಡಿಸಿ ಬಿಲ್ಲು ಕಳಿಸುತ್ತಾರೆ. ಡೀಲ್, ರಿಮೋಟ್, ಓಯಿಸ್ಟರ್, ಮಲ್ಟಿಪ್ಲೈಯರ್ ಈ ವ್ಯಾಪಾರದಲ್ಲಿ ಹೆಚ್ಚು ಕೇಳಿಬರುವ ಹೆಸರುಗಳು. ಇವರು ಜನರನ್ನು ಹುಡುಕಿಕೊಡುವ ಏಜೆನ್ಸಿಯವರಲ್ಲ. ಹುಡುಕುವ ಕೆಲಸ ನಿಮ್ಮದೇ.

ಅವರ ಮಾರಾಟದವರು ‘ತಲೆನೋವೆಲ್ಲ ನಮಗೆ ಬಿಡಿ’ ಅನ್ನುತ್ತಾರೆ. ಕಾಗದಪತ್ರದ ತಲೆನೋವನ್ನು ಅವರು ನಿಜಕ್ಕೂ ಹೊರುತ್ತಾರೆ. ಆದರೆ ಹೊಣೆ ಹೊರುವುದಿಲ್ಲ. ಹೆಸರಿಗೆ ಯಜಮಾನರು ಅವರು, ನಷ್ಟವಾದರೆ ತುಂಬಿಕೊಡುವವರು ನೀವು, ಹಾಗೆಂದು ಒಪ್ಪಂದದಲ್ಲೇ ಬರೆದಿರುತ್ತದೆ. ಮುಂದಿನ ಪ್ರತಿ ಹಂತದಲ್ಲೂ ನಾನು ಹುಡುಕುವುದು ಆ ಹೊಣೆ ಎಲ್ಲಿ ತಿರುಗಿ ನಮ್ಮ ಮನೆಗೆ ಬರುತ್ತದೆ ಎಂಬುದನ್ನೇ.

ಹಂತ 1: ಇಒಆರ್ ಬೇಕೇ ಎಂದು ಮೊದಲು ನೋಡಿ

ದಾರಿ ಮೂರು. ಮೊದಲನೆಯದು ಕನ್ಸಲ್ಟೆಂಟ್ ಎಂದು ಬರೆದುಕೊಂಡು ತಿಂಗಳ ಇನ್‌ವಾಯ್ಸಿಗೆ ಹಣ ಕಳಿಸುವುದು. ಆರು ವಾರದ ಕೆಲಸಕ್ಕೆ, ನಾಲ್ಕಾರು ಗಿರಾಕಿಗಳಿರುವ ಸ್ವತಂತ್ರ ವೃತ್ತಿಯವರಿಗೆ ಇದು ಸರಿ. ಆದರೆ ನಿಮ್ಮ ಇಮೇಲ್ ವಿಳಾಸ, ನಿಮ್ಮ ಲ್ಯಾಪ್‌ಟಾಪ್, ನಿಮ್ಮ ಬೆಳಗಿನ ಮೀಟಿಂಗು, ರಜೆಗೆ ನಿಮ್ಮ ಅಪ್ಪಣೆ ಇದ್ದಮೇಲೆ ಕಾಗದದಲ್ಲಿ ‘ಕನ್ಸಲ್ಟೆಂಟ್’ ಎಂದು ಬರೆದರೆ ನಿಲ್ಲುವುದಿಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟು 2021ರ ಫೆಬ್ರುವರಿಯಲ್ಲಿ ಊಬರ್ ಚಾಲಕರ ಪ್ರಕರಣದಲ್ಲಿ ಇದನ್ನೇ ಹೇಳಿತು: ಒಪ್ಪಂದದ ಹಣೆಪಟ್ಟಿ ಏನೇ ಇರಲಿ, ಕೆಲಸ ನಡೆಯುವ ರೀತಿ ಹೇಗಿದೆ ಎಂದು ನೋಡಬೇಕು.

ಎರಡನೆಯದು ಅಲ್ಲೇ ಒಂದು ಕಂಪನಿ ತೆರೆಯುವುದು. ಬ್ರಿಟನ್ನಿನಲ್ಲಿ ಕಂಪನಿ ನೋಂದಣಿ ಸಲೀಸು, ಖರ್ಚೂ ಕಡಿಮೆ. ಕಷ್ಟ ಇರುವುದು ಅದರ ಬಾಲದಲ್ಲಿ: ಬ್ಯಾಂಕ್ ಖಾತೆ, ಸಂಬಳದ ತೆರಿಗೆ ನೋಂದಣಿ, ವರ್ಷದ ಲೆಕ್ಕಪತ್ರ. ಇತ್ತ ಭಾರತದಲ್ಲಿ ಅದು ವಿದೇಶಿ ಹೂಡಿಕೆ. ವಿದೇಶಿ ವಿನಿಮಯದ ಕಾನೂನಾದ ಫೆಮಾದ 2022ರ ಹೂಡಿಕೆ ನಿಯಮಗಳಂತೆ ಬ್ಯಾಂಕಿನ ಮೂಲಕ ರಿಸರ್ವ್ ಬ್ಯಾಂಕಿಗೆ ವರದಿ ಮಾಡಬೇಕು, ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಆ ಕಂಪನಿಯ ವಾರ್ಷಿಕ ವರದಿ ಕೊಡಬೇಕು. ಒಬ್ಬರಿಗೋಸ್ಕರ ಇಷ್ಟೆಲ್ಲ ಯಾರಿಗೂ ಬೇಡ. ಆಗ ಉಳಿಯುವುದು ಮೂರನೆಯ ದಾರಿ, ಇಒಆರ್.

ನನ್ನ ಲೆಕ್ಕದಲ್ಲಿ ಒಂದು ದೇಶದಲ್ಲಿ ಒಬ್ಬರೋ ಇಬ್ಬರೋ ಇರುವವರೆಗೆ ಇಒಆರ್ ಸರಿ. ಮೂರನೆಯವರನ್ನು ಸೇರಿಸುವ ಮಾತು ಬಂದ ದಿನ ಕಂಪನಿ ತೆರೆಯುವ ಲೆಕ್ಕ ಹಾಕಿ. ಯಾಕೆಂದು ನಾಲ್ಕನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 2: ಹುದ್ದೆ ಏನೆಂದು ಬರೆಯಿರಿ, ಆಡಿಟರ್‌ಗೆ ತೋರಿಸಿ

ಇದನ್ನು ಹೆಚ್ಚಿನವರು ಮಾಡುವುದೇ ಇಲ್ಲ. ನಿಮ್ಮ ಉದ್ಯೋಗಿ ಗ್ರಾಹಕರ ದೂರು ಬಗೆಹರಿಸುವ ಎಂಜಿನಿಯರ್ ಆದರೆ ಅಪಾಯ ಕಡಿಮೆ. ಮಾರಾಟದವರಾದರೆ ಒಂದು ಕ್ಷಣ ನಿಲ್ಲಿ.

ನಿಮ್ಮ ಕಂಪನಿಗೆ ಬ್ರಿಟನ್ನಿನಲ್ಲಿ ಕಾಯಂ ವ್ಯವಹಾರ ನೆಲೆ ಇದೆ ಎಂದಾದರೆ ಆ ನೆಲೆಗೆ ಸೇರಿದ ಲಾಭಕ್ಕೆ ಅಲ್ಲಿ ತೆರಿಗೆ ಕಟ್ಟಬೇಕು. ಆಡಿಟರುಗಳು ಇದನ್ನು ಪಿಇ ಅನ್ನುತ್ತಾರೆ. ನೆಲೆ ಎಂದರೆ ಕಚೇರಿ, ಗೋಡೆ, ಬೋರ್ಡು ಮಾತ್ರವಲ್ಲ, ನಿಮ್ಮ ಪರವಾಗಿ ಓಡಾಡುವ ಮನುಷ್ಯರೂ ನೆಲೆ ಆಗಬಹುದು. ಭಾರತ ಮತ್ತು ಬ್ರಿಟನ್ ನಡುವಿನ 1993ರ ತೆರಿಗೆ ಒಪ್ಪಂದ ಇಲ್ಲಿ ಸ್ವಲ್ಪ ಬಿಗಿಯಾಗಿದೆ. ನಿಮ್ಮ ಪರವಾಗಿ ಕರಾರಿಗೆ ಸಹಿ ಹಾಕುವ ಅಧಿಕಾರವನ್ನು ರೂಢಿಯಾಗಿ ಬಳಸುವವರಷ್ಟೇ ಅಲ್ಲ, ಹೆಚ್ಚುಕಡಿಮೆ ನಿಮಗೋಸ್ಕರವೇ ರೂಢಿಯಾಗಿ ಆರ್ಡರು ಹಿಡಿದುಕೊಡುವವರೂ ಅದರ ಬಲೆಯಲ್ಲಿ ಬರುತ್ತಾರೆ. ‘ಸಹಿ ಮೈಸೂರಿನಲ್ಲೇ ಹಾಕುತ್ತೇವಲ್ಲ’ ಎಂಬ ಸಮಾಧಾನ ಹಾಗಾಗಿ ಪೂರ್ತಿ ಕೆಲಸ ಮಾಡುವುದಿಲ್ಲ. ಸಂಬಳ ಇಒಆರ್ ಕೊಡುತ್ತದೆ ಎಂಬುದರಿಂದಲೂ ಇದು ತಪ್ಪುವುದಿಲ್ಲ. ತೆರಿಗೆ ಇಲಾಖೆ ನೋಡುವುದು ಆ ವ್ಯಕ್ತಿ ಯಾರ ವ್ಯಾಪಾರ ಮಾಡುತ್ತಿದ್ದಾರೆ ಎಂದು.

ಹುದ್ದೆಯ ವಿವರವನ್ನು ಒಂದು ಪುಟದಲ್ಲಿ ಬರೆಯಿರಿ: ಏನು ಮಾಡುತ್ತಾರೆ, ಏನು ಮಾಡಬಾರದು, ದರ ಯಾರು ತೀರ್ಮಾನಿಸುತ್ತಾರೆ. ಆಡಿಟರ್ ಅದನ್ನು ಓದಿ ಇಮೇಲಿನಲ್ಲಿ ಅಭಿಪ್ರಾಯ ಕೊಡಲಿ. ಫೋನಿನಲ್ಲಿ ಹೇಳಿದ ‘ಪರವಾಗಿಲ್ಲ ಬಿಡಿ ಸರ್’ ಮೂರು ವರ್ಷದ ನಂತರ ಉಪಯೋಗಕ್ಕೆ ಬಾರದು.

ಹಂತ 3: ಆ ದೇಶದ ಕಾನೂನು, ಆ ವ್ಯಕ್ತಿಯ ವೀಸಾ

ಮೊದಲು ವೀಸಾ. ಇಒಆರ್ ಇದ್ದರೆ ವೀಸಾ ಕೂಡ ಅವರೇ ಕೊಡಿಸುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಕೆಲವು ದೇಶಗಳಲ್ಲಿ ನಿಜ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ. ಅಲ್ಲಿನ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಪ್ರಾಯೋಜಕರಾಗುವವರು ನಿಜವಾದ ಉದ್ಯೋಗದಾತರಾಗಿರಬೇಕು. ಮೂರನೆಯವರ ಕಂಪನಿಯಲ್ಲಿ ದಿನನಿತ್ಯದ ಹುದ್ದೆ ತುಂಬಲು ಆ ಪರವಾನಗಿ ಬಳಸುವಂತಿಲ್ಲ. ಹಾಗಾಗಿ ಕೆಲಸ ಮಾಡುವ ಹಕ್ಕು ಈಗಾಗಲೇ ಇರುವವರನ್ನೇ ಹುಡುಕಬೇಕು: ಅಲ್ಲಿನ ನಾಗರಿಕರು, ಕಾಯಂ ವಾಸದ ಹಕ್ಕು ಪಡೆದವರು, ಸಂಗಾತಿಯ ವೀಸಾದಲ್ಲಿರುವವರು, ಓದು ಮುಗಿಸಿ ಗ್ರಾಜುಯೇಟ್ ವೀಸಾದಲ್ಲಿರುವವರು.

ಕೊನೆಯ ಗುಂಪಿನಲ್ಲಿ ಕನ್ನಡದ ಹುಡುಗ ಹುಡುಗಿಯರು ಬೇಕಾದಷ್ಟು ಸಿಗುತ್ತಾರೆ, ಕೆಲಸಕ್ಕೂ ಹುಮ್ಮಸ್ಸಿರುತ್ತದೆ. ಆದರೆ ಆ ವೀಸಾ ವಿಸ್ತರಣೆಯಾಗುವುದಿಲ್ಲ. ಅದು ಮುಗಿಯುವ ಹೊತ್ತಿಗೆ ಅವರಿಗೆ ಪ್ರಾಯೋಜಕರು ಬೇಕು, ನಿಮ್ಮ ಇಒಆರ್ ಆಗಲಾರದು, ನಿಮಗೆ ಅಲ್ಲಿ ಕಂಪನಿ ಇಲ್ಲ. ಒಂದೂವರೆ ವರ್ಷ ಕಲಿಸಿ ಬೆಳೆಸಿದವರು ಬೇರೆಯವರ ಪಾಲಾಗುತ್ತಾರೆ. ವೀಸಾ ಮುಗಿಯುವ ತಾರೀಕನ್ನು ಸಂದರ್ಶನದ ಕೊನೆಗೆ ಕೇಳಿ, ಇಬ್ಬರೂ ಕಣ್ಣು ತೆರೆದುಕೊಂಡೇ ಒಪ್ಪಿಕೊಳ್ಳಿ. ಹಕ್ಕಿನ ಪರಿಶೀಲನೆ ಇಒಆರ್ ಮಾಡುತ್ತದೆ. ಅಭ್ಯರ್ಥಿಯಿಂದ ಶೇರ್ ಕೋಡ್ (ಕೆಲಸದ ಹಕ್ಕನ್ನು ನೋಡಲು ಸರ್ಕಾರ ಕೊಡುವ ಸಂಕೇತ) ಪಡೆದು ಸರ್ಕಾರದ ಜಾಲತಾಣದಲ್ಲಿ ನೋಡುತ್ತಾರೆ. 2024ರ ಫೆಬ್ರುವರಿಯಿಂದ ಹಕ್ಕಿಲ್ಲದವರನ್ನು ಕೆಲಸಕ್ಕಿಟ್ಟುಕೊಂಡರೆ ದಂಡ ತಲಾ 45,000 ಪೌಂಡಿನವರೆಗೆ, ಮತ್ತೆ ತಪ್ಪಿದರೆ 60,000ದವರೆಗೆ. ಅವರು ಇದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನೀವೂ ‘ಸೇರಿಸಿಕೊಳ್ಳಿ, ಕಾಗದ ಆಮೇಲೆ ಕೊಡುತ್ತಾರೆ’ ಎಂದು ಒತ್ತಾಯ ಮಾಡಬೇಡಿ.

ಇನ್ನು ಅಲ್ಲಿನ ನೌಕರಿಯ ಕಾನೂನು. ವಾರಕ್ಕೆ 5 ದಿನ ಕೆಲಸ ಮಾಡುವವರಿಗೆ ವರ್ಷಕ್ಕೆ ಕನಿಷ್ಠ 28 ದಿನ ಸಂಬಳ ಸಹಿತ ರಜೆ. ಸಾರ್ವಜನಿಕ ರಜೆಗಳನ್ನು ಇದರೊಳಗೇ ಸೇರಿಸಿಕೊಳ್ಳಬಹುದು. ಹೆರಿಗೆ ರಜೆ 52 ವಾರ, ಅದರಲ್ಲಿ 39 ವಾರ ಶಾಸನಬದ್ಧ ವೇತನ. ನೌಕರಿಯ ಷರತ್ತುಗಳನ್ನು ಬರಹದಲ್ಲಿ ಮೊದಲ ದಿನವೇ ಕೊಡಬೇಕು, 2020ರ ಏಪ್ರಿಲ್‌ನಿಂದ ಹೀಗೆ. ಪ್ರೊಬೇಷನ್ ಎಂಬುದಕ್ಕೆ ಅಲ್ಲಿ ವಿಶೇಷ ಕಾನೂನು ಸ್ಥಾನವಿಲ್ಲ, ಒಪ್ಪಂದದಲ್ಲಿ ಬರೆದುಕೊಂಡಷ್ಟೇ. ಅನ್ಯಾಯದ ವಜಾ ಎಂದು ಸಾಮಾನ್ಯ ದೂರು ಕೊಡಲು ಹಿಂದಿನಿಂದ ಬಂದ ಅರ್ಹತೆ 2 ವರ್ಷದ ಸೇವೆ. 2025ರ ಹೊಸ ಉದ್ಯೋಗ ಹಕ್ಕುಗಳ ಕಾಯ್ದೆ 2027ರ ಜನವರಿಯಿಂದ ಇದನ್ನು 6 ತಿಂಗಳಿಗೆ ಇಳಿಸುತ್ತದೆ. ತಾರತಮ್ಯದ ದೂರಿಗಾದರೆ ಒಂದು ದಿನದ ಸೇವೆಯೂ ಬೇಕಿಲ್ಲ, ಪರಿಹಾರಕ್ಕೆ ಮೇಲ್ಮಿತಿಯೂ ಇಲ್ಲ. ಸಂದರ್ಶನದಲ್ಲಿ ‘ಮದುವೆ ಯಾವಾಗ’ ಎಂದು ಕೇಳುವ ನಮ್ಮ ಅಭ್ಯಾಸ ಅಲ್ಲಿಗೆ ಒಯ್ಯಬೇಡಿ. ಇಲ್ಲಿಯೂ ಬಿಟ್ಟರೆ ಒಳ್ಳೆಯದೇ.

ಜರ್ಮನಿಯತ್ತ ಕಣ್ಣಿಟ್ಟವರಿಗೆ ಒಂದು ಮಾತು. ಅಲ್ಲಿ ಒಬ್ಬರ ನೌಕರರನ್ನು ಇನ್ನೊಬ್ಬರ ಕೈಕೆಳಗೆ ದುಡಿಸುವುದಕ್ಕೆ ಪ್ರತ್ಯೇಕ ಕಾನೂನಿದೆ. ಇಒಆರ್‌ಗೆ ಪರವಾನಗಿ ಬೇಕು, ಒಬ್ಬರನ್ನು ಸಾಮಾನ್ಯವಾಗಿ 18 ತಿಂಗಳು ಮೀರಿ ಹೀಗೆ ಇಟ್ಟುಕೊಳ್ಳುವಂತಿಲ್ಲ, 9 ತಿಂಗಳಾದ ಮೇಲೆ ಸಮಾನ ವೇತನದ ನಿಯಮ. ಪರವಾನಗಿ ಇಲ್ಲದಿದ್ದರೆ, ಅವಧಿ ಮೀರಿದರೆ, ಆ ವ್ಯಕ್ತಿ ನೇರವಾಗಿ ನಿಮ್ಮ ನೌಕರರೆಂದೇ ಕಾನೂನು ಭಾವಿಸಬಹುದು. ಬ್ರೆಜಿಲ್, ಫಿಲಿಪೀನ್ಸ್ ಆದರೆ ಹದಿಮೂರನೇ ತಿಂಗಳ ಸಂಬಳ ಕಡ್ಡಾಯ; ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯದವರು ಡಿಸೆಂಬರಿನಲ್ಲಿ ಬೆಚ್ಚಿಬೀಳುತ್ತಾರೆ.

ಹಂತ 4: ಪೂರ್ತಿ ಖರ್ಚಿನ ಲೆಕ್ಕ

ನಮ್ಮ ಎಂಜಿನಿಯರಿಗೆ ವರ್ಷಕ್ಕೆ 48,000 ಪೌಂಡ್ ಎಂದು ಮಾತಾಯಿತು ಅಂದುಕೊಳ್ಳಿ. ನಮ್ಮ ಸಿಟಿಸಿ ಲೆಕ್ಕದಲ್ಲಿ ಮಾಲೀಕರ ಪಿಎಫ್ ಪಾಲೂ ಒಳಗೇ ಕೂತಿರುತ್ತದೆ. ಬ್ರಿಟನ್ನಿನಲ್ಲಿ ಹಾಗಲ್ಲ: 48,000 ಅಂದರೆ ಅವರ ಕೈಗೆ ತೆರಿಗೆಗೆ ಮುಂಚೆ ಸಲ್ಲುವ ಸಂಬಳ, ಮಾಲೀಕರ ಪಾಲು ಅದರ ಮೇಲೆ. ಈ ಗೊಂದಲದಲ್ಲಿ ಮಾತು ಮುರಿದುಬಿದ್ದ ನೇಮಕಾತಿಗಳು ಕಡಿಮೆಯಿಲ್ಲ.

2025ರ ಏಪ್ರಿಲ್‌ನಿಂದ ಸಾಮಾಜಿಕ ಭದ್ರತೆಗೆಂದು ಮಾಲೀಕರು ಸರ್ಕಾರಕ್ಕೆ ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ ಶೇ 15, ವರ್ಷದ ಮೊದಲ 5,000 ಪೌಂಡ್ ಬಿಟ್ಟು. ಅಂದರೆ 43,000ಕ್ಕೆ 6,450. ಪಿಂಚಣಿಗೆ ಮಾಲೀಕರ ಕನಿಷ್ಠ ಪಾಲು ಶೇ 3. ಅದು 6,240ರಿಂದ 50,270ರವರೆಗಿನ ಸಂಬಳದ ಮೇಲೆ. ಇಲ್ಲಿ 41,760ಕ್ಕೆ ಸುಮಾರು 1,253. ಕೆಲಸ ಕಲಿಯುವವರ ತರಬೇತಿಗೆ ಅಪ್ರೆಂಟಿಸ್‌ಶಿಪ್ ಲೆವಿ ಎಂದು ಶೇ 0.5, ಅಂದರೆ 240. ಈ ಕೊನೆಯದು ಕುತೂಹಲದ ವಿಷಯ. ವರ್ಷದ ಸಂಬಳದ ಮೊತ್ತ 30 ಲಕ್ಷ ಪೌಂಡ್ ದಾಟಿದ ಕಂಪನಿಗಳಿಗೆ ಮಾತ್ರ ಈ ಲೆವಿ ಹೊರೆಯಾಗುವುದು. ನೀವು ಸಣ್ಣವರು, ಆದರೆ ದಾಖಲೆಯ ಯಜಮಾನರು ದೊಡ್ಡವರು. ಅವರ ಲೆವಿಯಲ್ಲಿ ನಿಮ್ಮ ಪಾಲನ್ನು ನಿಮ್ಮ ಬಿಲ್ಲಿಗೆ ಹಾಕುವುದುಂಟು.

ಇಒಆರ್ ಶುಲ್ಕ ತಿಂಗಳಿಗೆ 450 ಪೌಂಡ್ ಎಂದು ಹಿಡಿದರೆ ವರ್ಷಕ್ಕೆ 5,400. ಎಲ್ಲ ಕೂಡಿ 61,343 ಪೌಂಡ್, ತಿಂಗಳಿಗೆ ಸುಮಾರು 5,112. ಒಪ್ಪಿದ ಸಂಬಳಕ್ಕಿಂತ ಶೇ 28ರಷ್ಟು ಹೆಚ್ಚು.

ಬಿಲ್ಲಿನಲ್ಲಿ ಕಾಣದ ಖರ್ಚು ಇನ್ನೊಂದಿದೆ, ವಿನಿಮಯ ದರ. ನೀವು ಡಾಲರಿನಲ್ಲಿ ಕಟ್ಟುತ್ತೀರಿ, ಅವರು ಪೌಂಡಿನಲ್ಲಿ ಸಂಬಳ ಕೊಡುತ್ತಾರೆ, ನಡುವಿನ ದರವನ್ನು ಅವರೇ ಹಾಕಿಕೊಳ್ಳುತ್ತಾರೆ. ಮಾರುಕಟ್ಟೆ ದರಕ್ಕಿಂತ ಶೇ 2 ಹೆಚ್ಚಿದ್ದರೆ ವರ್ಷಕ್ಕೆ 1,227 ಪೌಂಡ್, ಎರಡೂವರೆ ತಿಂಗಳಿಗೂ ಮೀರಿದ ಶುಲ್ಕ ಸದ್ದಿಲ್ಲದೆ ಹೋದಂತೆ. ನಮ್ಮ ಮೊದಲ ಬಿಲ್ಲು ಬಂದಾಗ ಆ ದಿನದ ದರದೊಂದಿಗೆ ತಾಳೆ ನೋಡಿದ್ದು ನಾನಲ್ಲ, ಹೊಸದಾಗಿ ಸೇರಿದ್ದ ಬಿ.ಕಾಂ. ಹುಡುಗ. ಅವನು ತೋರಿಸಿದ ಮೇಲೆ ಪೌಂಡಿನಲ್ಲೇ ಬಿಲ್ಲು ಕೊಡಿ ಎಂದು ಕೇಳಿದೆವು, ಕೊಟ್ಟರು. ಕೇಳದಿದ್ದರೆ ಕೊಡುತ್ತಿರಲಿಲ್ಲ.

ಈಗ ಸ್ವಂತ ಕಂಪನಿಯ ಜೊತೆ ಹೋಲಿಸಿ. ಅಲ್ಲಿ ಅರ್ಹ ಉದ್ಯೋಗದಾತರಿಗೆ ಎಂಪ್ಲಾಯ್‌ಮೆಂಟ್ ಅಲೊಯನ್ಸ್ ಎಂದು ವರ್ಷಕ್ಕೆ 10,500 ಪೌಂಡಿನವರೆಗೆ ನ್ಯಾಷನಲ್ ಇನ್ಶೂರೆನ್ಸ್ ವಿನಾಯಿತಿ ಇದೆ. ನಿರ್ದೇಶಕರಲ್ಲದ ಒಬ್ಬ ಉದ್ಯೋಗಿ ಇದ್ದರೂ ಆ 6,450 ಸೊನ್ನೆಯಾಗಬಹುದು. ಇಒಆರ್ ಮೂಲಕ ಹೋದಾಗ ಈ ಲಾಭ ನಿಮಗೆ ದಕ್ಕುವುದಿಲ್ಲ. ಶುಲ್ಕ, ಲೆವಿ, ಇನ್ಶೂರೆನ್ಸ್ ಸೇರಿ ಮೊದಲ ಉದ್ಯೋಗಿಗೇ ವರ್ಷಕ್ಕೆ 12,090 ಪೌಂಡಿನ ವ್ಯತ್ಯಾಸ. ಆ ಹಣದಲ್ಲಿ ಅಲ್ಲಿನ ಅಕೌಂಟೆಂಟನ್ನೂ ಇಲ್ಲಿನ ಫೆಮಾ ಕಾಗದಗಳನ್ನೂ ನಿಭಾಯಿಸಬಹುದೇ ಎಂಬುದು ಲೆಕ್ಕ ಹಾಕಿ ನೋಡಬೇಕಾದ ಮಾತು. ನಾವು ಇಒಆರ್ ಆರಿಸಿದ್ದು ಹಣ ಉಳಿಯುತ್ತದೆಂದಲ್ಲ. ಆರು ತಿಂಗಳಲ್ಲಿ ಈ ಪ್ರಯೋಗ ಸೋತರೆ ಮುಚ್ಚಲು ಒಂದು ಕಂಪನಿ ಇರಬಾರದೆಂದು.

ಹಂತ 5: ಇಒಆರ್ ಆರಿಸುವಾಗ ಕೇಳುವ ಪ್ರಶ್ನೆಗಳು

ಡೆಮೊದಲ್ಲಿ ತೋರಿಸುವ ಬಣ್ಣದ ಪರದೆಗಳನ್ನು ನೋಡಿ ತೀರ್ಮಾನಿಸಬೇಡಿ. ಇಮೇಲಿನಲ್ಲಿ ಕೇಳಿ, ಇಮೇಲಿನಲ್ಲೇ ಉತ್ತರ ಪಡೆಯಿರಿ.

ಬ್ರಿಟನ್ನಿನಲ್ಲಿ ನಿಮ್ಮದೇ ಕಂಪನಿ ಇದೆಯೇ, ಇಲ್ಲ ಸ್ಥಳೀಯ ಪಾಲುದಾರರ ಮೂಲಕ ಮಾಡುತ್ತೀರಾ? ನೂರೈವತ್ತು ದೇಶ ಎಂದು ಜಾಹೀರಾತು ಹಾಕುವವರು ಎಷ್ಟೋ ದೇಶಗಳಲ್ಲಿ ಪಾಲುದಾರರನ್ನು ನೆಚ್ಚಿಕೊಂಡಿರುತ್ತಾರೆ. ನಡುವೆ ಒಂದು ಕೈ ಹೆಚ್ಚಾದರೆ ಸಮಸ್ಯೆ ಬಂದಾಗ ಉತ್ತರ ಬರಲು ಎರಡು ದಿನ ಹೆಚ್ಚು, ಉದ್ಯೋಗಿ ಬರೆದ ಕೋಡಿನ ಒಡೆತನ ನಿಮ್ಮ ಕೈಗೆ ಬರುವ ಸರಪಳಿಯಲ್ಲಿ (ಆರನೇ ಹಂತ ನೋಡಿ) ಒಂದು ಕೊಂಡಿ ಹೆಚ್ಚು.

ಬಿಲ್ಲು ಯಾವ ದೇಶದ ಕಂಪನಿಯಿಂದ ಬರುತ್ತದೆ? ಉದ್ಯೋಗಿ ಬ್ರಿಟನ್ನಿನಲ್ಲಿದ್ದರೂ ಬಿಲ್ಲು ಅಮೆರಿಕದ್ದೋ ಸಿಂಗಪುರದ್ದೋ ಆಗಿರಬಹುದು, ಆಗ ಅನ್ವಯಿಸುವ ತೆರಿಗೆ ಒಪ್ಪಂದವೇ ಬೇರೆ. ಭಾರತದಲ್ಲೂ ಕಂಪನಿ ಇರುವ ಇಒಆರ್ ಆದರೆ ರೂಪಾಯಿಯಲ್ಲಿ, ಜಿಎಸ್‌ಟಿ ಸಹಿತ ಬಿಲ್ಲು ಕೊಡುತ್ತೀರಾ ಎಂದು ಕೇಳಿ. ಕೊಟ್ಟರೆ ಎಂಟನೇ ಹಂತದ ಮುಕ್ಕಾಲು ಗೋಳು ತಪ್ಪಿತು.

ಅಡ್ವಾನ್ಸ್ ಎಷ್ಟು, ಯಾವಾಗ ವಾಪಸು? ಬೆಂಗಳೂರಿನ ಬಾಡಿಗೆ ಮನೆಯಂತೆ ಇಲ್ಲೂ ಅಡ್ವಾನ್ಸ್ ಕೇಳುತ್ತಾರೆ, ಒಂದರಿಂದ ಮೂರು ತಿಂಗಳ ಮೊತ್ತ. ಕೊಟ್ಟವನು ಕೋಡಂಗಿ ಆಗಬಾರದೆಂದರೆ ಮರಳಿಸುವ ಗಡುವು ದಿನಗಳ ಲೆಕ್ಕದಲ್ಲಿ ಬರೆದಿರಬೇಕು.

ಎಂಪ್ಲಾಯರ್ಸ್ ಲಯಬಿಲಿಟಿ ವಿಮೆಯ (ಕೆಲಸದಿಂದ ನೌಕರರಿಗೆ ಪೆಟ್ಟು, ಕಾಯಿಲೆ ಆದರೆ ಪರಿಹಾರಕ್ಕಿರುವ ವಿಮೆ) ಪ್ರಮಾಣಪತ್ರದ ಪ್ರತಿ ಕೇಳಿ. 1969ರ ಕಾಯ್ದೆಯಡಿ ಇದು ಅಲ್ಲಿ ಕಡ್ಡಾಯ, ಕನಿಷ್ಠ ಮೊತ್ತ 50 ಲಕ್ಷ ಪೌಂಡ್. ಪ್ರತಿ ಕಳಿಸಲು ವಾರಗಟ್ಟಲೆ ಎಳೆದಾಡುವವರನ್ನು ಬಿಟ್ಟುಬಿಡಿ.

ಹಂತ 6: ಎರಡು ಒಪ್ಪಂದಗಳು, ಒಂದು ಬಿರುಕು

ಒಂದು ಒಪ್ಪಂದ ನಿಮಗೂ ಇಒಆರ್‌ಗೂ. ಇನ್ನೊಂದು ಇಒಆರ್‌ಗೂ ಉದ್ಯೋಗಿಗೂ. ನಿಮಗೂ ಉದ್ಯೋಗಿಗೂ ನೇರ ಒಪ್ಪಂದ ಇಲ್ಲ. ಆ ಖಾಲಿ ಜಾಗದಲ್ಲೇ ನಿಮ್ಮ ಆಸ್ತಿ ಸೋರುವುದು.

ಬ್ರಿಟನ್ನಿನ 1988ರ ಕೃತಿಸ್ವಾಮ್ಯ ಕಾಯ್ದೆಯ 11ನೇ ಕಲಂ ಪ್ರಕಾರ ಉದ್ಯೋಗಿ ಕೆಲಸದ ಭಾಗವಾಗಿ ಬರೆದದ್ದರ ಮೊದಲ ಒಡೆಯರು ಉದ್ಯೋಗದಾತರು. ಇಲ್ಲಿ ಉದ್ಯೋಗದಾತರು ಯಾರು? ಇಒಆರ್. ನಿಮ್ಮ ಎಂಜಿನಿಯರ್ ಬರೆದ ಕೋಡು ಹುಟ್ಟುವಾಗ ಅವರದು. ಅದು ನಿಮ್ಮದಾಗಬೇಕಾದರೆ ಬರಹದಲ್ಲಿ, ಸಹಿಯೊಂದಿಗೆ ವರ್ಗಾವಣೆ ಆಗಬೇಕು, 90ನೇ ಕಲಂ ಹಾಗೆನ್ನುತ್ತದೆ. ಪೇಟೆಂಟಿಗೂ 1977ರ ಕಾಯ್ದೆಯಲ್ಲಿ ಉದ್ಯೋಗದಾತರಿಗೆ ಅಂಥದೇ ಹಕ್ಕಿದೆ. ಆದ್ದರಿಂದ ಉದ್ಯೋಗಿಯಿಂದ ಇಒಆರ್‌ಗೆ, ಇಒಆರ್‌ನಿಂದ ನಿಮಗೆ, ಎರಡೂ ಕೊಂಡಿಗಳು ಭದ್ರವಾಗಿವೆಯೇ ನೋಡಿ. ‘ವರ್ಗಾಯಿಸಲು ಒಪ್ಪುತ್ತೇವೆ’ ಎಂದಿದ್ದರೆ ಸಾಲದು. ಮುಂದೆ ಹುಟ್ಟುವುದೂ ಸೇರಿದಂತೆ ‘ಈ ಮೂಲಕ ವರ್ಗಾಯಿಸಿದ್ದೇವೆ’ ಎಂದಿರಬೇಕು. ಬಾಕಿ ಬಿಲ್ಲು ಕಟ್ಟುವವರೆಗೆ ಹಕ್ಕು ತಮ್ಮಲ್ಲೇ ಉಳಿಯುತ್ತದೆ ಎಂಬ ಸಾಲು ಕಂಡರೆ ಹೊಡೆದುಹಾಕಿಸಿ. ಇದರ ಮೇಲೆ ಗೋಪ್ಯತೆ ಮತ್ತು ಹಕ್ಕುಗಳ ಬಗ್ಗೆ ಉದ್ಯೋಗಿಯಿಂದ ನೇರವಾಗಿ ಎರಡು ಪುಟದ ಪತ್ರವನ್ನು ನಾವು ಪಡೆದೆವು, ಇಒಆರ್‌ಗೆ ತಿಳಿಸಿಯೇ. ನಾಳೆ ನಿಮ್ಮ ಕಂಪನಿಯಲ್ಲಿ ಯಾರಾದರೂ ಹಣ ಹೂಡಲು ಬಂದರೆ ಅವರ ವಕೀಲರು ಕೇಳುವ ಮೊದಲ ಕಾಗದಗಳಲ್ಲಿ ಇದೂ ಒಂದು.

ಎರಡನೆಯ ಕಲಂ ನಷ್ಟಭರ್ತಿಯದು. ವಜಾ, ತಾರತಮ್ಯ, ಬಾಕಿ ವೇತನ, ಏನೇ ದೂರು ಬಂದರೂ ಪರಿಹಾರವನ್ನೂ ವಕೀಲರ ಖರ್ಚನ್ನೂ ನೀವು ತುಂಬಿಕೊಡಬೇಕು ಎಂದು ಬರೆದಿರುತ್ತಾರೆ. ಪೂರ್ತಿ ತೆಗೆಸಲು ಆಗದು. ಆದರೆ ‘ಇಒಆರ್‌ನ ತಪ್ಪಿನಿಂದಾದ ನಷ್ಟಕ್ಕೆ ಇಒಆರ್ ಹೊಣೆ’ ಎಂಬ ಸಾಲನ್ನು ಸೇರಿಸಲು ಕೇಳಿ. ಸಂಬಳ ತಡವಾಗಿ ಹಾಕಿದ್ದು, ತೆರಿಗೆ ತಪ್ಪಾಗಿ ಮುರಿದದ್ದು ನಿಮ್ಮ ತಲೆಗೆ ಬರಬಾರದು.

ಮೂರನೆಯದು ಷೇರಿನ ಆಸೆ. ಇಎಸ್‌ಒಪಿ, ಅಂದರೆ ನೌಕರರಿಗೆ ಕಂಪನಿಯ ಷೇರು ಕೊಳ್ಳುವ ಹಕ್ಕು, ಕೊಡುತ್ತೇವೆಂದು ಬಾಯಿಮಾತಿಗೂ ಹೇಳಬೇಡಿ. ಭಾರತದ 2013ರ ಕಂಪನಿ ಕಾಯ್ದೆಯ ನಿಯಮಗಳಲ್ಲಿ ಇಎಸ್‌ಒಪಿ ಇರುವುದು ಆ ಕಂಪನಿಯ ಮತ್ತು ಅದರ ಅಂಗ ಅಥವಾ ಮಾತೃ ಕಂಪನಿಯ ನೌಕರರಿಗೆ, ನಿರ್ದೇಶಕರಿಗೆ. ದಾಖಲೆಯಲ್ಲಿ ಇವರು ಬೇರೊಬ್ಬರ ನೌಕರರು. ನಗದು ಬೋನಸ್ಸಿನ ಯೋಜನೆ ಮಾಡಿ, ಅದನ್ನೂ ಇಒಆರ್ ಸಂಬಳದ ಮೂಲಕವೇ ಕೊಡಿ. ಇಲ್ಲಿಂದ ನೇರವಾಗಿ ಅವರ ಖಾತೆಗೆ ಹಣ ಕಳಿಸಿದರೆ ಅಲ್ಲಿನ ತೆರಿಗೆ ತಪ್ಪಿಸಿದಂತಾಗುತ್ತದೆ.

ಹಂತ 7: ಆಫರ್‌ನಿಂದ ಮೊದಲ ಸಂಬಳದವರೆಗೆ

ನಿಮ್ಮ ಲೆಟರ್‌ಹೆಡ್ಡಿನಲ್ಲಿ ಆಫರ್ ಲೆಟರ್ ಕೊಡಬೇಡಿ. ಅದೊಂದು ಕಾಗದ ಸಾಕು, ನೀವೇ ಉದ್ಯೋಗದಾತರು ಎನ್ನಲು. ‘ಇಂಥ ಷರತ್ತಿನ ಮೇಲೆ ಇಒಆರ್ ನಿಮಗೆ ಪತ್ರ ಕಳಿಸುತ್ತದೆ’ ಎಂದು ಇಮೇಲ್ ಮಾಡಿ. ಹಳೆಯ ಕಂಪನಿಯ ಮೂರು ತಿಂಗಳ ಸಂಬಳದ ಚೀಟಿ, ಮೂಲ ಅಂಕಪಟ್ಟಿ ಕೇಳುವ ರೂಢಿಯನ್ನೂ ಬಿಡಿ. ಅಲ್ಲಿ ಹಳೆಯ ಕೆಲಸದಿಂದ ಪಿ45 ಎಂಬ ಚೀಟಿ ಬರುತ್ತದೆ, ಉದ್ಯೋಗಿ ಅದನ್ನು ಇಒಆರ್‌ಗೆ ಕೊಡುತ್ತಾರೆ, ತೆರಿಗೆ ಕೋಡು ಅದರಿಂದ ಸರಿಯಾಗುತ್ತದೆ. ಕೊಡದಿದ್ದರೆ ಮೊದಲ ತಿಂಗಳು ಹೆಚ್ಚು ತೆರಿಗೆ ಕಡಿತವಾಗಿ ನಿಮಗೆ ದೂರು ಬರಬಹುದು.

ಸಂಬಳ ತಿಂಗಳ ಕೊನೆಯ ವಾರ. ಅದಕ್ಕೆ ಬೇಕಾದ ಬದಲಾವಣೆಗಳನ್ನು ಇಒಆರ್ ತಿಂಗಳ ಮಧ್ಯಕ್ಕೂ ಮೊದಲೇ ಕೇಳುತ್ತದೆ, ಹಣವನ್ನು ಸಂಬಳದ ದಿನಕ್ಕಿಂತ ಮುಂಚೆಯೇ. ನಿಮ್ಮ ಬ್ಯಾಂಕು ಮೊದಲ ಸಲ ವಿದೇಶಕ್ಕೆ ಕಳಿಸುವಾಗ ಕಾಗದ ಕೇಳಿ ಕೇಳಿ ಒಂದು ವಾರ ತಿನ್ನುತ್ತದೆ. ದಸರಾ, ದೀಪಾವಳಿ ರಜೆ, ಅಲ್ಲಿನ ಮೇ ಮತ್ತು ಆಗಸ್ಟ್ ಬ್ಯಾಂಕ್ ರಜೆ ಎರಡನ್ನೂ ಒಂದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಲ್ಯಾಪ್‌ಟಾಪನ್ನು ಇಲ್ಲಿಂದ ಕೊರಿಯರ್ ಮಾಡಲು ಹೋಗಿ ಕಸ್ಟಮ್ಸಿನಲ್ಲಿ ಸಿಕ್ಕಿಸಬೇಡಿ, ಅಲ್ಲೇ ಕೊಡಿಸಿ.

ಹಂತ 8: ಇಲ್ಲಿನ ತೆರಿಗೆ, ಇಲ್ಲಿನ ಬ್ಯಾಂಕು

ಜಿಎಸ್‌ಟಿಯಿಂದ ಶುರುಮಾಡೋಣ, ಏಕೆಂದರೆ ಏಟು ಬೀಳುವುದು ಇಲ್ಲೇ. ವಿದೇಶದ ಕಂಪನಿಯಿಂದ ಸೇವೆ ಪಡೆದರೆ ಅದು ಸೇವೆಯ ಆಮದು. ಶೇ 18 ಐಜಿಎಸ್‌ಟಿಯನ್ನು ರಿವರ್ಸ್ ಚಾರ್ಜಿನಲ್ಲಿ ನೀವೇ ಕಟ್ಟಬೇಕು. ಎಷ್ಟರ ಮೇಲೆ? 450 ಪೌಂಡ್ ಶುಲ್ಕದ ಮೇಲೆ ಮಾತ್ರ ಎಂದು ನಾನು ನಂಬಿದ್ದೆ. ಬೆಂಗಳೂರಿನಿಂದಲೇ ಹೊರಟು ಸುಪ್ರೀಂ ಕೋರ್ಟು ಮುಟ್ಟಿದ ನಾರ್ದರ್ನ್ ಆಪರೇಟಿಂಗ್ ಸಿಸ್ಟಮ್ಸ್ ಪ್ರಕರಣದ ತೀರ್ಪು 2022ರ ಮೇ 19ರಂದು ಬಂತು. ಅದು ವಿದೇಶಿ ಕಂಪನಿ ಇಲ್ಲಿಗೆ ನಿಯೋಜಿಸಿದ ನೌಕರರ ಬಗ್ಗೆ, ಹಳೆಯ ಸೇವಾ ತೆರಿಗೆಯ ಕಾಲದ್ದು. ಆದರೂ ‘ಸಂಬಳವನ್ನು ಇದ್ದಹಾಗೆ ಮರಳಿಸುತ್ತಿದ್ದೇವೆ ಅಷ್ಟೆ’ ಎಂಬ ವಾದ ಅಲ್ಲಿ ನಿಲ್ಲಲಿಲ್ಲ, ಮಾನವಶಕ್ತಿ ಒದಗಿಸಿದ ಸೇವೆ ಎಂದಾಯಿತು. ಹಾಗಾಗಿ ನಮ್ಮ ಆಡಿಟರ್ ಇಡೀ ಬಿಲ್ಲಿನ ಮೇಲೆ ಕಟ್ಟಿಸಿದರು. ತಿಂಗಳಿಗೆ 5,112ಕ್ಕೆ 920 ಪೌಂಡ್, ಅದೂ ನಗದು ಲೆಡ್ಜರಿನಿಂದ, ಹಿಂದೆ ಕಟ್ಟಿದ ಜಿಎಸ್‌ಟಿಯಿಂದ ಇರುವ ಕ್ರೆಡಿಟ್ಟಿನಲ್ಲಿ ಹೊಂದಿಸಿಕೊಳ್ಳುವಂತಿಲ್ಲ. ಕಟ್ಟಿದ ಮೇಲೆ ಅದೇ ನಿಮಗೆ ಕ್ರೆಡಿಟ್ಟಾಗುತ್ತದೆ. ನೀವು ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಕೊಟ್ಟು ರಫ್ತು ಮಾಡುವವರಾದರೆ ರಿಫಂಡ್ ಕೇಳಬಹುದು. ಹಣ ಕಳೆಯುವುದಿಲ್ಲ, ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತದೆ. ಸಣ್ಣ ಕಂಪನಿಗೆ ಅದೂ ನೋವೇ.

ಇಒಆರ್ ಬಿಲ್ಲು ಕಟ್ಟುವಾಗ ಟಿಡಿಎಸ್ ಮುರಿದುಕೊಳ್ಳಬೇಕೇ ಎಂಬ ವಿಷಯದಲ್ಲಿ ಕರ್ನಾಟಕಕ್ಕೆ ಒಂದು ಹೆಮ್ಮೆಯ ಪಾಲಿದೆ. ಬ್ರಿಟನ್ ಒಪ್ಪಂದದಂತೆ ತಾಂತ್ರಿಕ ಸೇವೆಯ ಶುಲ್ಕಕ್ಕೆ ಇಲ್ಲಿ ತೆರಿಗೆ ಬೀಳಬೇಕಾದರೆ ಆ ಸೇವೆ ತಂತ್ರಜ್ಞಾನವನ್ನೋ ಕೌಶಲವನ್ನೋ ನಿಮ್ಮ ಕೈಗೆ ಒಪ್ಪಿಸಿರಬೇಕು. ಹೀಗೆ ‘ಒಪ್ಪಿಸುವುದು’ ಎಂದರೇನು ಎಂಬುದಕ್ಕೆ ಇಂದಿಗೂ ಎಲ್ಲರೂ ಎತ್ತಿ ಹೇಳುವುದು 2012ರಲ್ಲಿ ನಮ್ಮ ಹೈಕೋರ್ಟು ಡಿ ಬೀರ್ಸ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು. ವಜ್ರದ ಹುಡುಕಾಟಕ್ಕೆ ಆಕಾಶದಿಂದ ಸಮೀಕ್ಷೆ ಮಾಡಿಸಿಕೊಂಡವರಿಗೆ ಸಮೀಕ್ಷೆಯ ಫಲ ಸಿಕ್ಕಿತೇ ಹೊರತು ಸಮೀಕ್ಷೆ ಮಾಡುವ ವಿದ್ಯೆ ಸಿಗಲಿಲ್ಲ ಎಂಬುದು ಅದರ ಸಾರ. ಸಂಬಳ ಹಂಚುವ ಇಒಆರ್ ನಿಮಗೆ ಯಾವ ವಿದ್ಯೆಯನ್ನೂ ಒಪ್ಪಿಸುವುದಿಲ್ಲ ಎಂದು ವಾದಿಸಲು ಇದು ಆಧಾರ. ಅಮೆರಿಕ, ಸಿಂಗಪುರದ ಒಪ್ಪಂದಗಳಲ್ಲೂ ಈ ಮಾತಿದೆ, ಜರ್ಮನಿಯದರಲ್ಲಿ ಇಲ್ಲ. ಬಿಲ್ಲು ಯಾವ ದೇಶದ್ದು ಎಂದು ಐದನೇ ಹಂತದಲ್ಲೇ ಕೇಳಿ ಎಂದದ್ದು ಇದಕ್ಕೇ. ಇಒಆರ್‌ನಿಂದ ಆಯಾ ವರ್ಷದ ತೆರಿಗೆ ನಿವಾಸ ಪ್ರಮಾಣಪತ್ರ, ಭಾರತದಲ್ಲಿ ನೆಲೆ ಇಲ್ಲ ಎಂಬ ಪತ್ರ ಎರಡನ್ನೂ ಮೊದಲ ಪಾವತಿಗೆ ಮುಂಚೆ ತರಿಸಿಕೊಳ್ಳಿ.

ಬ್ಯಾಂಕಿನಲ್ಲಿ ಬೇಕಾಗುವುದು ವಿದೇಶಕ್ಕೆ ಹಣ ಕಳಿಸುವ ಎ2 ಅರ್ಜಿ, ಬಿಲ್ಲು, ಒಪ್ಪಂದದ ಪ್ರತಿ, ಜೊತೆಗೆ ಆ ಹಣದ ತೆರಿಗೆಯ ವಿವರ ಕೊಡುವ, 15ಸಿಎ, 15ಸಿಬಿ ಎಂದೇ ಎಲ್ಲರ ಬಾಯಲ್ಲಿ ಉಳಿದಿರುವ ನಮೂನೆಗಳು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿರುವುದರಿಂದ ಈಗಿನ ನಮೂನೆಯ ಸಂಖ್ಯೆಯನ್ನು ಆಡಿಟರಿಂದಲೇ ಬರೆಸಿಕೊಳ್ಳಿ.

ಹಂತ 9: ದಿನದಿನದ ನಡೆ

ಕೆಲಸ ಹೇಳುವವರು ನೀವು, ಶಿಸ್ತಿನ ಕ್ರಮ ಇಒಆರ್ ಮೂಲಕ. ಈ ಗೆರೆಯನ್ನು ನಿಮ್ಮ ಮ್ಯಾನೇಜರುಗಳಿಗೆ ಮೊದಲೇ ಹೇಳಿ. ನಮ್ಮಲ್ಲಿ ಒಬ್ಬರು ಕೋಪದಲ್ಲಿ ‘ಹೀಗಾದರೆ ಮುಂದಿನ ತಿಂಗಳು ನೋಡೋಣ’ ಎಂದು ಚಾಟಿನಲ್ಲಿ ಬರೆದರು. ಇಲ್ಲಿ ಅದು ಗದರಿಕೆ, ಕಾಫಿ ಕುಡಿದರೆ ಮರೆತುಹೋಗುತ್ತದೆ. ಅಲ್ಲಿ ಅದು ಬರಹದ ಸಾಕ್ಷಿ. ಎರಡು ವಾರ ಸಮಜಾಯಿಷಿ ಕೊಟ್ಟದ್ದಾಯಿತು. ಕೆಲಸದ ಬಗ್ಗೆ ಅಸಮಾಧಾನವಿದ್ದರೆ ಮೊದಲ ತಿಂಗಳಿಂದಲೇ ತಾರೀಕು ಹಾಕಿ, ಉದಾಹರಣೆ ಸಹಿತ, ಸಭ್ಯವಾಗಿ ಬರೆದಿಡಿ. ಮುಂದೆ ಬೇರೆಯಾಗುವ ಪ್ರಸಂಗ ಬಂದರೆ ಇಒಆರ್ ಕೇಳುವುದು ಈ ಬರಹಗಳನ್ನೇ.

ಹಂತ 10: ಬೇರೆಯಾಗುವುದು, ಇಲ್ಲವೇ ಸ್ವಂತ ಕಂಪನಿಗೆ ಕರೆತರುವುದು

ಕೆಲಸದಿಂದ ಬಿಡಿಸಬೇಕಾದರೆ ಮೊದಲು ಇಒಆರ್‌ಗೆ ಫೋನ್ ಮಾಡಿ, ಉದ್ಯೋಗಿಗಲ್ಲ. ಶಾಸನದ ಕನಿಷ್ಠ ನೋಟಿಸು ಒಂದು ತಿಂಗಳ ಸೇವೆಯ ನಂತರ 1 ವಾರ, 2 ವರ್ಷ ತುಂಬಿದ ಮೇಲೆ ವರ್ಷಕ್ಕೊಂದು ವಾರದಂತೆ 12 ವಾರದವರೆಗೆ. ಒಪ್ಪಂದದಲ್ಲಿ ಹೆಚ್ಚು ಬರೆದಿದ್ದರೆ ಅದೇ ಸಲ್ಲುತ್ತದೆ. ತೆಗೆದುಕೊಳ್ಳದ ರಜೆಗೆ ಹಣ ಕೊಡಬೇಕು. ನೋಟಿಸಿನ ತಿಂಗಳಿಗೂ ಇಒಆರ್ ಶುಲ್ಕ ಓಡುತ್ತಿರುತ್ತದೆ.

ಸಂತೋಷದ ಪ್ರಸಂಗವೂ ಇದೆ. ಮೂರನೆಯವರು ಸೇರುವ ಹೊತ್ತಾಯಿತು, ಬ್ರಿಟನ್ನಿನಲ್ಲಿ ಕಂಪನಿ ತೆರೆದಿರಿ, ಮೊದಲ ಇಬ್ಬರನ್ನು ಅಲ್ಲಿಗೆ ಕರೆತರಬೇಕು. ಇಒಆರ್ ಒಪ್ಪಂದದಲ್ಲಿ ಹೀಗೆ ಕರೆದುಕೊಂಡು ಹೋದರೆ ಶುಲ್ಕ ಎಂಬ ಕಲಂ ಇದೆಯೇ ಎಂದು ಆರನೇ ಹಂತದಲ್ಲೇ ನೋಡಿರಬೇಕು. ಹೊಸ ಪತ್ರದಲ್ಲಿ ಸೇವೆ ಶುರುವಾದ ಹಳೆಯ ತಾರೀಕನ್ನೇ ನಮೂದಿಸಿ, ಉಳಿದ ರಜೆಯನ್ನು ಮುಂದುವರಿಸಿ. ಎರಡು ವರ್ಷ ದುಡಿದವರನ್ನು ಹೊಸಬರೆಂದು ಮತ್ತೆ ಪ್ರೊಬೇಷನ್ನಿಗೆ ಹಾಕಿದರೆ ಅವರು ಬೇರೆ ಕೆಲಸ ನೋಡಿಕೊಳ್ಳುತ್ತಾರೆ, ನೋಡಿಕೊಳ್ಳಲೂ ಬೇಕು. ಬ್ರಿಟನ್ನಿನ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಶುರು. ಆ ಹೊತ್ತಿಗೆ ವರ್ಗಾವಣೆ ಇಟ್ಟುಕೊಂಡರೆ ಲೆಕ್ಕ ಸಲೀಸು. ಇಒಆರ್‌ನಿಂದ ಪಿ45, ಕೊನೆಯ ಸಂಬಳದ ಚೀಟಿ, ಪಿಂಚಣಿ ಖಾತೆಯ ವಿವರ, ಕೃತಿಸ್ವಾಮ್ಯ ವರ್ಗಾವಣೆಯ ಸಹಿ ಹಾಕಿದ ಪ್ರತಿ, ಇಷ್ಟು ಕೈಗೆ ಬಂದ ದಿನವೇ ಅಡ್ವಾನ್ಸ್ ವಾಪಸು ಕೇಳಿ ಇಮೇಲ್ ಹಾಕಿ. ಒಪ್ಪಂದದಲ್ಲಿ ಬರೆದ ಗಡುವು ಎಂದು ಮುಗಿಯುತ್ತದೋ ಆ ತಾರೀಕನ್ನು ಇಮೇಲಿನ ವಿಷಯದ ಸಾಲಿನಲ್ಲೇ ಹಾಕಿದರೆ ಉತ್ತರ ಬೇಗ ಬರುತ್ತದೆ.